ತೋರಿಸಿದ್ದೊಂದು, ಮಾರಿದ್ದೊಂದು

ಮಾಲು ನೋಡದೆ ದರ ಕಟ್ಟಬಾರದೆಂಬದು ಪೇಟೆಯ ಮೊದಲ ಪಾಠ. ರೋಣದ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವನು ಚೀಲದ ಬಾಯಿಯನ್ನಷ್ಟೇ ನೋಡಿ ಸುಮ್ಮನಾಗುವದಿಲ್ಲ. ನಡುವೆ ಕೈಹಾಕಿ ಒಂದು ಹಿಡಿ ಹೊರಗೆ ತೆಗೆದು, ಬಣ್ಣ ನೋಡಿ, ಹಸಿಯೋ ಒಣಗಿದ್ದೋ ಎಂದು ಮುರಿದು ನೋಡಿ, ಆಮೇಲೆ ದರದ ಮಾತಿಗೆ ಬರುತ್ತಾನೆ. ಗಜೇಂದ್ರಗಡದ ನೇಕಾರನು ನೇಯ್ದ ಸೀರೆಯನ್ನು ಸಾಹುಕಾರನು ಬೆಳಕಿಗೆ ಹಿಡಿದು ನೋಡುತ್ತಾನೆ. ಎಳೆ ತಪ್ಪಿದ್ದರೆ ಕೂಲಿಯಲ್ಲಿ ಮುರಿದುಕೊಳ್ಳುತ್ತಾನೆ. ಜಿನ್ನಿಂಗ ಗಿರಣಿಗೆ ಬಂದ ಹತ್ತಿಯಲ್ಲಿ ಕಸ ಹೆಚ್ಚಿದ್ದರೆ ರೈತನ ದರ ಇಳಿಯುತ್ತದೆ. ಬಡವನು ತಯಾರಿಸಿದ ಮಾಲಿಗೆ ಇಷ್ಟೆಲ್ಲ ಪರೀಕ್ಷೆ. ಆದರೆ ಇದೇ ದೇಶದಲ್ಲಿ ಕೋಟಿ ಕೋಟಿ ರೂಪಾಯಿಯ ಒಂದು ಮಾಲು ಇನ್ನೂ ತಯಾರಾಗುವ ಮೊದಲೇ, ಯಾರೂ ಕೈಹಾಕಿ ನೋಡುವ ಮೊದಲೇ, ಬರಿಯ ಡಂಗುರದ ಮೇಲೆ ಖರ್ಚಾಗುತ್ತಿದೆ. ಅದು ನಮ್ಮ ಹುಡುಗರು ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಆಡುವ ಆಟ.

ಕಾಮಗಾರರ ಪತ್ರಿಕೆಯಲ್ಲಿ ಹುಡುಗರ ಆಟದ ಮಾತೇಕೆ ಎಂದು ಹಿರಿಯ ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಎಂಟು ತಾಸಿನ ದುಡಿತಕ್ಕಾಗಿ ಹೋರಾಡಿದ ಕಾಮಗಾರರು ಉಳಿದ ತಾಸುಗಳನ್ನು ವಿಶ್ರಾಂತಿಗಾಗಿ, ವಿನೋದಕ್ಕಾಗಿ ಕೇಳಿದ್ದರೆಂಬದನ್ನು ನಾವು ಮರೆಯಬಾರದು. ದಿನವಿಡೀ ಗ್ಯಾರೇಜಿನಲ್ಲಿಯೋ ಕಿರಾಣಿ ಅಂಗಡಿಯಲ್ಲಿಯೋ ದುಡಿದ ಹುಡುಗನು ಸಂಜೆ ಕಟ್ಟೆಯ ಮೇಲೆ ಗೆಳೆಯರೊಡನೆ ಕೂತು ಒಂದು ತಾಸು ಆಡಿದರೆ ಅದು ಪಾಪವಲ್ಲ. ರೊಕ್ಕ ಕಟ್ಟಿ ಆಡುವ ಜೂಜಿನ ಆಟಗಳ ಮಾತು ಬೇರೆ. ಅವುಗಳನ್ನು 2025ರ ಆಗಸ್ಟದಲ್ಲಿ ಲೋಕಸಭೆ, ರಾಜ್ಯಸಭೆಗಳು ಕಾಯದೆ ಮಾಡಿ ನಿಷೇಧಿಸಿದವು. ನಾವು ಇಲ್ಲಿ ಹೇಳುತ್ತಿರುವದು ಬರಿಯ ಆಟದ ವಿಷಯ. ಆ ಒಂದು ತಾಸಿನ ಸಂತೋಷವನ್ನೂ ವ್ಯಾಪಾರದ ಸರಕಾಗಿ ಮಾಡಿ, ಅದರಲ್ಲಿಯೂ ಮೋಸದ ತೂಕ ತೂಗಿದರೆ, ಅದನ್ನು ಹೇಳುವದು ಈ ಪತ್ರಿಕೆಯ ಕೆಲಸವೇ ಆಗಿದೆ.

ಗಲ್ವಾನದ ಹೆಸರು, ಮೊಬೈಲಿನ ಆಟ

ಉದಾಹರಣೆಗಾಗಿ ದೂರ ಹೋಗಬೇಕಿಲ್ಲ. ನಮ್ಮ ಬೆಂಗಳೂರಿನಲ್ಲಿಯೇ ಇದೆ. 2020ರ ಜೂನ 15ರ ರಾತ್ರಿ ಲಡಾಖದ ಗಲ್ವಾನ ಕಣಿವೆಯಲ್ಲಿ ಚೀನದ ಸೈನಿಕರೊಡನೆ ನಡೆದ ಹೊಡೆದಾಟದಲ್ಲಿ ನಮ್ಮ 20 ಜನ ಯೋಧರು ಪ್ರಾಣ ತೆತ್ತರು. ಅದರ ತರುವಾಯ ಕೇಂದ್ರ ಸರಕಾರವು ಚೀನದ ಸಂಬಂಧವಿರುವ ಮೊಬೈಲ ಆ್ಯಪಗಳನ್ನು ಕಂತು ಕಂತಾಗಿ ನಿಷೇಧಿಸುತ್ತ ಬಂತು. ಸಪ್ಟೆಂಬರ 2ರಂದು ನಿಷೇಧವಾದ 118 ಆ್ಯಪಗಳಲ್ಲಿ ಪಬ್‌ಜಿ ಎಂಬ ಆಟವೂ ಇತ್ತು. ಅದು ಕರೋನಾದ ಕಾಲ. ಶಾಲೆ ಕಾಲೇಜುಗಳು ಮುಚ್ಚಿದ್ದವು, ಕೆಲಸಗಳು ನಿಂತಿದ್ದವು. ನರಗುಂದವಿರಲಿ ಗಜೇಂದ್ರಗಡವಿರಲಿ, ಹರೆಯದ ಹುಡುಗರಿಗೆ ಊರೂರಿನ ಗೆಳೆಯರೊಡನೆ ಮಾತನಾಡುತ್ತ ಆಡಲು ಸಿಗುತ್ತಿದ್ದ ಆಟವೆಂದರೆ ಅದೇ ಆಗಿತ್ತು.

ಆಟ ನಿಂತು ಎರಡೇ ದಿನಗಳಲ್ಲಿ, ಸಪ್ಟೆಂಬರ 4ರಂದು, ಸಿನೇಮಾ ನಟ ಅಕ್ಷಯಕುಮಾರ ಅವರು 'ಫೌಜಿ' ಎಂಬ ಹೊಸ ಆಟವೊಂದನ್ನು ಜಾಹೀರುಪಡಿಸಿದರು. ತಯಾರಿಸುವವರು ವಿಶಾಲ ಗೊಂಡಲ ಅವರು ಮುಂದೆ ನಿಂತ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಕಂಪನಿಯವರು. ಪ್ರಧಾನಮಂತ್ರಿಗಳ ಆತ್ಮನಿರ್ಭರತೆಯ ಮಾತು ಅದಕ್ಕೆ ಜೊತೆಯಾಯಿತು. ನಿವ್ವಳ ಉತ್ಪನ್ನದ ನೂರಕ್ಕೆ 20ರಷ್ಟನ್ನು ಹುತಾತ್ಮ ಯೋಧರ ಕುಟುಂಬಗಳ 'ಭಾರತ ಕೇ ವೀರ' ನಿಧಿಗೆ ಕೊಡುವದಾಗಿಯೂ ಸಾರಿದರು. ಮೊದಲು ಅಕ್ಟೋಬರವೆಂದರು, ಆಮೇಲೆ ನವ್ಹೆಂಬರವೆಂದರು, ಕೊನೆಗೆ 2021ರ ಜನೇವರಿ 26, ಗಣರಾಜ್ಯೋತ್ಸವದ ದಿನವೆಂದರು. ನವ್ಹೆಂಬರದ ಕೊನೆಗೆ ಹೆಸರು ನೋಂದಾಯಿಸುವ ಕೆಲಸ ಶುರುವಾಗಿ ಒಂದೇ ದಿನದಲ್ಲಿ ಹತ್ತು ಲಕ್ಷ ಜನ ಹೆಸರು ಬರೆಯಿಸಿದರೆಂದು ಕಂಪನಿಯವರು ಹೇಳಿಕೊಂಡರು. ಆಟ ಬರುವ ಹೊತ್ತಿಗೆ ಆ ಲೆಕ್ಕ 40 ಲಕ್ಷವನ್ನು ದಾಟಿತ್ತು.

ಬಂದದ್ದೇನು? ಪಬ್‌ಜಿಯ ಜಾಗದಲ್ಲಿ ನಿಲ್ಲುವ ಆಟವೆಂದು ನಂಬಿ ಕಾದಿದ್ದ ಹುಡುಗರ ಕೈಗೆ, ಒಬ್ಬನೇ ಕೂತು ಆಡುವ ಒಂದು ಸಣ್ಣ ಕಥೆ ಬಂದಿತು. ಗಲ್ವಾನದ ಕಣಿವೆಯಲ್ಲಿ ನಡೆಯುತ್ತ ಹೋಗುವದು, ಎದುರು ಬಂದವರನ್ನು ಮುಷ್ಟಿಯಿಂದಲೂ ಬಡಿಗೆಯಿಂದಲೂ ಹೊಡೆಯುವದು, ಬೆಂಕಿಯ ಹತ್ತಿರ ಕೂತು ದಣಿವಾರಿಸಿಕೊಳ್ಳುವದು, ಮತ್ತೆ ನಡೆಯುವದು. ಗೆಳೆಯರೊಡನೆ ಗುಂಪು ಕಟ್ಟಿ ಆಡುವ ಭಾಗಗಳ ಮೇಲೆ 'ಸದ್ಯದಲ್ಲಿಯೇ ಬರಲಿದೆ' ಎಂಬ ಫಲಕ ತೂಗುಹಾಕಿದ್ದರು. ಗುಂಪಾಗಿ ಆಡುವ ಭಾಗದ ಪರೀಕ್ಷಾರ್ಥ ರೂಪ ಸಿಕ್ಕಿದ್ದು ಆ ವರ್ಷದ ಜೂನದಲ್ಲಿ. ಅಂಗಡಿಯ ಬಾಗಿಲು ತೆರೆದು, ಒಳಗೆ ಬರಿಯ ಕಪಾಟು ತೋರಿಸಿ, ಮಾಲು ಹಿಂದೆ ಬರುತ್ತಿದೆ ಎಂದಂತಾಯಿತು.

ಹುಡುಗರು ಸಿಟ್ಟಾದರು. ಆಟವನ್ನು ಇಳಿಸಿಕೊಳ್ಳುವ ಗೂಗಲ್ ಪ್ಲೇ ಸ್ಟೋರದಲ್ಲಿ ಪ್ರತಿಯೊಬ್ಬನೂ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ಪದ್ಧತಿಯುಂಟು. ಮೊದಲ ದಿನ ನಾಲ್ಕರ ಮೇಲಿದ್ದ ಸರಾಸರಿಯು ವಾರ ತುಂಬುವದರೊಳಗೆ ಮೂರರ ಆಸುಪಾಸಿಗೆ ಬಂದು ನಿಂತಿತು.

ಸಿಟ್ಟಿನ ಲೆಕ್ಕ

ಈ ಸಿಟ್ಟನ್ನು ನಾವು ಪೂರ್ಣವಾಗಿ ಹೊಗಳುವದಿಲ್ಲ, ಪೂರ್ಣವಾಗಿ ತೆಗಳುವದೂ ಇಲ್ಲ. ಒಂದು ನಕ್ಷತ್ರ ಕೊಟ್ಟವರಲ್ಲಿ ಕೆಲವರು ಆಟವನ್ನು ಆಡಿ ಬೇಸತ್ತವರು. ಇನ್ನು ಕೆಲವರು 'ನಮಗೆ ಪಬ್‌ಜಿಯೇ ಬೇಕು' ಎಂದು ಹಟ ಹಿಡಿದವರು. ಐದು ನಕ್ಷತ್ರ ಕೊಟ್ಟವರಲ್ಲಿಯೂ ಆಟ ಮೆಚ್ಚಿದವರಿದ್ದಂತೆ, ದೇಶದ ಮಾಲೆಂಬ ಅಭಿಮಾನದಿಂದ ಕಣ್ಣು ಮುಚ್ಚಿ ಕೊಟ್ಟವರೂ ಇದ್ದರು. ಹೀಗೆ ಎರಡೂ ಕಡೆಯ ಗದ್ದಲದಲ್ಲಿ ನಿಜವಾದ ತಕರಾರು ಮುಚ್ಚಿಹೋಯಿತು. ನಿಜವಾದ ತಕರಾರು ಆಟ ಸಣ್ಣದೆಂಬದಲ್ಲ. ಬೆಂಗಳೂರಿನ ಒಂದು ಚಿಕ್ಕ ಕಂಪನಿಯು ಕೆಲವೇ ತಿಂಗಳಲ್ಲಿ ಜಗತ್ತಿನ ದೊಡ್ಡ ಕಂಪನಿಗಳ ಸರಿಸಮ ಆಟ ತಯಾರಿಸಬೇಕೆಂದು ಯಾರೂ ಶಾಸನ ಮಾಡಿರಲಿಲ್ಲ. ಸಣ್ಣದನ್ನು ಸಣ್ಣದೆಂದು ಹೇಳಿ ಕೊಟ್ಟಿದ್ದರೆ ನಮ್ಮ ಹುಡುಗರು ಬೆನ್ನು ತಟ್ಟುತ್ತಿದ್ದರು. ಸಣ್ಣದನ್ನು ದೊಡ್ಡದರ ಡಂಗುರದೊಡನೆ, ಅದೂ ಸತ್ತ ಯೋಧರ ಹೆಸರಿನೊಡನೆ ಪೇಟೆಗೆ ತಂದದ್ದೇ ತಕರಾರು.

ದೇಶಾಭಿಮಾನವನ್ನು ಮುಂದಿಟ್ಟು ಮಾರುವ ಮಾಲಿನ ಸಂಕಟವೇ ಇದು. ಅದರ ಹುಳುಕು ತೋರಿಸಹೋದವನಿಗೆ ತಾನು ಮಾಲಿನ ಮೇಲಲ್ಲ, ದೇಶದ ಮೇಲೆ ತಕರಾರು ಮಾಡುತ್ತಿರುವೆನೇನೋ ಎಂಬ ಅಳುಕು ಹುಟ್ಟುತ್ತದೆ. ಸ್ವದೇಶಿಯ ಮಾತು ನಮಗೆ ಹೊಸದಲ್ಲ. ಹಿಂದಿನ ಕಾಲದಲ್ಲಿ ಈ ನಾಡಿನ ಜನ ಒರಟಾದ ಖಾದಿಯನ್ನು ಅಭಿಮಾನದಿಂದ ಉಟ್ಟರು. ಆದರೆ ಖಾದಿ ಮಾರುವವರು ಅದನ್ನು ರೇಶಿಮೆಯೆಂದು ಹೇಳಿ ಮಾರಲಿಲ್ಲ.

ಇನ್ನು, ಆಟವನ್ನು ಪುಕ್ಕಟೆ ಕೊಟ್ಟದ್ದರಲ್ಲಿ ಹುಡುಗರು ಕಳೆದುಕೊಂಡದ್ದೇನು ಎಂದು ಕೇಳುವವರಿದ್ದಾರೆ. ಪುಕ್ಕಟೆಯ ಮಾಲನ್ನು ಯಾವ ವ್ಯಾಪಾರಿಯೂ ಪುಕ್ಕಟೆ ಕೊಡುವದಿಲ್ಲವೆಂಬದು ನಮ್ಮ ಸಣ್ಣ ವ್ಯಾಪಾರಸ್ಥರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ. ಒಳಗೆ ಹೋದ ಮೇಲೆ ರೊಕ್ಕ ಕೊಟ್ಟು ಕೊಳ್ಳುವ ಸಾಮಾನುಗಳಿರುತ್ತವೆ. ಅದಕ್ಕಿಂತ ಹೆಚ್ಚಾಗಿ, ಇಷ್ಟು ಲಕ್ಷ ಜನ ಕಾದು ನಿಂತಿದ್ದಾರೆಂಬ ಲೆಕ್ಕವೇ ಕಂಪನಿಗೆ ಒಂದು ಬಂಡವಾಳ. ಹುಡುಗನು ತನ್ನ ಹೆಸರು ಬರೆಯಿಸಿದ್ದೇ ತಡ, ಅವನೇ ಜಾಹೀರಾತಿನ ಒಂದು ಅಂಕಿಯಾಗಿಬಿಟ್ಟನು.

ತಾರೀಖು ಯಾರದು, ದುಡಿತ ಯಾರದು?

ಇದು ನಮ್ಮ ದೇಶದ ಒಂದು ಕಂಪನಿಯ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಈ ಧಂದೆಯ ಇತಿಹಾಸದಲ್ಲಿಯೇ ಈ ರೋಗವಿದೆ. 1982ರಲ್ಲಿ ಅಮೇರಿಕದ ಅಟಾರಿ ಎಂಬ ಕಂಪನಿಯು 'ಇ.ಟಿ.' ಎಂಬ ಜನಪ್ರಿಯ ಸಿನೇಮಾದ ಹೆಸರಿನಲ್ಲಿ ಆಟವೊಂದನ್ನು ಕ್ರಿಸ್ಮಸ್ಸಿನ ಪೇಟೆಗೆ ತರಬೇಕೆಂದು ಹಟ ಹಿಡಿಯಿತು. ಅದನ್ನು ರಚಿಸಲು ಹೊವಾರ್ಡ ಸ್ಕಾಟ ವಾರ್ಶಾ ಎಂಬವರಿಗೆ ಸಿಕ್ಕಿದ್ದು ಸುಮಾರು ಐದು ವಾರಗಳ ಅವಧಿ. ಆಟ ಕೆಟ್ಟಿತು, ಮಾಲು ತಿರುಗಿ ಬಂದಿತು. 1983ರಲ್ಲಿ ಮಾರಾಟವಾಗದ ಸರಕನ್ನು ನ್ಯೂ ಮೆಕ್ಸಿಕೋ ಪ್ರಾಂತದ ಅಲಮೊಗೋರ್ಡೋ ಊರಿನ ಕಸದ ಗುಂಡಿಯಲ್ಲಿ ಹೂಳಿದರು; 2014ರಲ್ಲಿ ಅದನ್ನು ಅಗೆದು ತೆಗೆದಾಗ ಆ ಆಟದ ಡಬ್ಬಿಗಳು ಹೊರಗೆ ಬಂದವು. ಅದೇ 1983ರಲ್ಲಿ ಅಟಾರಿಯು ತನ್ನ ಕಾರಖಾನೆಯ ಕೆಲಸವನ್ನು ಹಾಂಗಕಾಂಗ, ತೈವಾನಗಳಿಗೆ ಸಾಗಿಸಿ ಸಾವಿರಕ್ಕೂ ಮಿಕ್ಕಿ ಕಾಮಗಾರರನ್ನು ಮನೆಗೆ ಕಳಿಸಿತು. ತಾರೀಖು ಕಟ್ಟಿದವರು ಧಣಿಗಳು, ಮನೆಗೆ ಹೋದವರು ಕಾಮಗಾರರು.

ನಲವತ್ತು ವರ್ಷಗಳಾದರೂ ಈ ಪದ್ಧತಿ ಬದಲಾಗಲಿಲ್ಲ. ಪೋಲಂಡದ ಸಿ.ಡಿ. ಪ್ರೊಜೆಕ್ಟ ಎಂಬ ಕಂಪನಿಯು 'ಸೈಬರ್‌ಪಂಕ್ 2077' ಎಂಬ ಆಟವನ್ನು 2012ರಲ್ಲಿಯೇ ಸಾರಿತು. 2020ರಲ್ಲಿ ಮೂರು ಸಲ ತಾರೀಖು ಮುಂದೂಡಿ ಡಿಸೆಂಬರ 10ರಂದು ಪೇಟೆಗೆ ಬಿಟ್ಟಿತು. ಅಷ್ಟರಲ್ಲಿ 80 ಲಕ್ಷ ಜನ ಮುಂಗಡ ಬುಕಿಂಗ ಮಾಡಿದ್ದರು. ಮೊದಲೇ ನೋಡಿ ಬರೆಯುವ ಪತ್ರಿಕೆಯವರಿಗೆ ಕಂಪನಿಯು ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿ ಮಾತ್ರ. ಟೀವಿಗೆ ಜೋಡಿಸಿ ಆಡುವ ಹಳೆಯ ಪ್ಲೇಸ್ಟೇಶನ್ ಮುಂತಾದ ಯಂತ್ರಗಳ ಪ್ರತಿ ಹೇಗಿದೆಯೆಂದು ತೋರಿಸಲಿಲ್ಲ. ಆ ಯಂತ್ರವಿದ್ದವರು ಆಟ ಹಚ್ಚಿದಾಗ ಅದು ನಡುನಡುವೆ ನಿಲ್ಲುತ್ತಿತ್ತು, ಮುಗ್ಗರಿಸುತ್ತಿತ್ತು. ಚೀಲದ ಬಾಯಿಗೆ ಕೆಂಪು ಮೆಣಸಿನಕಾಯಿ, ತಳಕ್ಕೆ ಬಿಳಿಚಿದ್ದು! ನಾಲ್ಕೇ ದಿನಗಳಲ್ಲಿ ಕಂಪನಿಯು ಕ್ಷಮೆ ಕೇಳಿತು. ಎಂಟನೆಯ ದಿನಕ್ಕೆ ಸೋನಿ ಕಂಪನಿಯು ಆ ಆಟವನ್ನು ತನ್ನ ಅಂಗಡಿಯಿಂದ ತೆಗೆದುಹಾಕಿ ಕೊಂಡವರಿಗೆ ಹಣ ತಿರುಗಿ ಕೊಡತೊಡಗಿತು. ಮತ್ತೆ ಅದನ್ನು ಮಾರಾಟಕ್ಕಿಟ್ಟದ್ದು 2021ರ ಜೂನದಲ್ಲಿ. ಮುಂದೆ ವರ್ಷಗಟ್ಟಲೆ ರಿಪೇರಿ ಮಾಡಿ ಆಟವನ್ನು ಚೆನ್ನಾಗಿ ಮಾಡಿದರೆಂಬದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಪೂರ್ತಿ ದರ ಕೊಟ್ಟವನು ಮೊದಲ ದಿನವೇ ಪೂರ್ತಿ ಮಾಲು ಕೇಳುವದು ತಪ್ಪಲ್ಲ.

ಗಿರಣಿ ಕಾಮಗಾರರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಮುಂದಿದೆ. ಕಡ್ಡಾಯ ಹೆಚ್ಚುವರಿ ದುಡಿತ ಮಾಡಿಸುವದಿಲ್ಲವೆಂದು ಇದೇ ಕಂಪನಿಯ ಮುಖಂಡರು 2019ರಲ್ಲಿ ಬಹಿರಂಗವಾಗಿ ಮಾತು ಕೊಟ್ಟಿದ್ದರು. 2020ರ ಸಪ್ಟೆಂಬರದಲ್ಲಿ ವಾರಕ್ಕೆ ಆರು ದಿನ ದುಡಿಯಬೇಕೆಂದು ಆಜ್ಞೆಯಾಯಿತು. ಅಕ್ಟೋಬರದಲ್ಲಿ ತಾರೀಖು ಮತ್ತೆ ಮುಂದೆ ಹೋದಾಗ ಸಿಟ್ಟಾದ ಅಭಿಮಾನಿಗಳಲ್ಲಿ ಕೆಲವರು ಆಟ ತಯಾರಿಸುವ ನೌಕರರಿಗೆ ಕೊಲೆ ಬೆದರಿಕೆ ಹಾಕಿದರು. ನಿದ್ದೆಗೆಟ್ಟು ದುಡಿದವನಿಗೆ ಧಣಿಯ ಒತ್ತಾಯ ಒಂದು ಕಡೆ, ಗಿರಾಕಿಯ ಬೈಗುಳ ಇನ್ನೊಂದು ಕಡೆ. ತಾರೀಖು ಗೊತ್ತುಮಾಡಿದವನೂ ಡಂಗುರ ಹೊಡೆಸಿದವನೂ ಮಾತ್ರ ನೆರಳಿನಲ್ಲಿ ಕೂತಿದ್ದರು. 2023ರಲ್ಲಿ ಆ ಕಂಪನಿಯು ಸುಮಾರು 100 ಜನರನ್ನು ಕೆಲಸದಿಂದ ಬಿಡಿಸುವದಾಗಿ ಸಾರಿತು. ಆ ವರ್ಷವೇ ಪೋಲಂಡದಲ್ಲಿ ಆಟ ತಯಾರಿಸುವ ಕಾಮಗಾರರು ತಮ್ಮದೊಂದು ಸಂಘ ಕಟ್ಟಿದರು. ಪಾಠ ಕಲಿತರೆನ್ನಬೇಕು.

ನಮ್ಮ ರಾಜ್ಯದಲ್ಲಿಯೂ ಈ ಪ್ರಶ್ನೆ ಇಲ್ಲವೆನ್ನುವಂತಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ಸ್ಥಾಪನೆಯಾದ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿಯನ್ನು 2019ರಲ್ಲಿ ಅಮೇರಿಕದ ರಾಕ್‌ಸ್ಟಾರ್ ಕಂಪನಿಯು ಕೊಂಡು ತನ್ನ ಬೆಂಗಳೂರಿನ ಶಾಖೆಯಲ್ಲಿ ಕೂಡಿಸಿಕೊಂಡಿತು. ಜಗತ್ತಿನ ಹುಡುಗರು ಹತ್ತು ವರ್ಷಗಳಿಂದ ಬಾಯಿ ತೆರೆದು ಕಾಯ್ದ 'ಗ್ರ್ಯಾಂಡ್ ಥೆಫ್ಟ್ ಆಟೋ'ದ ಆರನೆಯ ಆಟ ಈ ರಾಕ್‌ಸ್ಟಾರ್ ಕಂಪನಿಯದೇ. 2025ರ ಅಕ್ಟೋಬರದ ಕೊನೆಗೆ ಅದು ಬ್ರಿಟನ್, ಕೆನಡಾಗಳಲ್ಲಿ ಮೂವತ್ತಕ್ಕೂ ಹೆಚ್ಚು ನೌಕರರನ್ನು ಕೆಲಸದಿಂದ ತೆಗೆಯಿತು. ಗುಟ್ಟು ಹೊರಗೆಡವಿದರೆಂದು ಕಂಪನಿ ಹೇಳಿತು. ಸಂಘ ಕಟ್ಟಿದ್ದಕ್ಕೇ ತೆಗೆದರೆಂದು ಅಲ್ಲಿಯ ಕಾಮಗಾರ ಸಂಘ ಆಪಾದಿಸಿತು. ಕೆಲವೇ ದಿನಗಳ ಮೇಲೆ, ಆಟದ ತಾರೀಖನ್ನು 2026ರ ನವ್ಹೆಂಬರ 19ಕ್ಕೆ ಮುಂದೂಡಿದ ಸುದ್ದಿ ಬಂದಿತು. ತಾರೀಖು ಮುಂದೆ ಹೋದದ್ದಕ್ಕೆ ಮರುಗಿದವರಲ್ಲಿ ಕೆಲಸ ಕಳೆದುಕೊಂಡವರ ವಿಷಯ ಕೇಳಿದವರೆಷ್ಟು?

ಕರ್ನಾಟಕ ಸರಕಾರದ ನಡತೆಯನ್ನೂ ಹೇಳಬೇಕು. ಕಾರಖಾನೆಯ ಕಾಮಗಾರನಿಗೆ 1946ರ ಕಾಯದೆಯಿಂದ ಸ್ಟ್ಯಾಂಡಿಂಗ ಆರ್ಡರಗಳ ರಕ್ಷಣೆ ಬಂದದ್ದನ್ನು ನಮ್ಮ ವಾಚಕರು ಬಲ್ಲರು. ಆ ಕಾಯದೆಯಿಂದ ಸಾಫ್ಟವೇರ ಕಂಪನಿಗಳಿಗೆ 2019ರಲ್ಲಿ ಐದು ವರ್ಷ, 2024ರಲ್ಲಿ ಮತ್ತೆ ಐದು ವರ್ಷ ರಿಯಾಯತಿ ಕೊಟ್ಟಾಗ, ಆಟ ತಯಾರಿಸುವ ಕಂಪನಿಗಳನ್ನೂ ಆ ಪಟ್ಟಿಯಲ್ಲಿ ಸೇರಿಸಿತ್ತು. ಕಂಪ್ಯೂಟರಿನ ಮುಂದೆ ಕೂತವನು ಕಾಮಗಾರನಲ್ಲವೆಂಬ ಈ ಭ್ರಮೆ ಧಣಿಗಳಿಗಷ್ಟೇ ಲಾಭದ್ದು.

ನರಗುಂದದ ಪಾಠ

ಮಾಲು ಮುಟ್ಟುವ ಮೊದಲೇ ಹಣ ಕೇಳಬಾರದೆಂಬ ನ್ಯಾಯವನ್ನು ಈ ಸೀಮೆಗೆ ಹೊರಗಿನವರು ಬಂದು ಕಲಿಸಬೇಕಿಲ್ಲ. ಮಲಪ್ರಭಾ ಕಾಲುವೆಯಿಂದ ಹೊಲ ಹಸಿರಾಗುವದೆಂದು ಸರಕಾರ ಆಸೆ ತೋರಿಸಿತು. ನೀರಿನ ಪ್ರಯೋಜನ ರೈತನ ಕೈಗೆ ಸರಿಯಾಗಿ ಸೇರುವ ಮೊದಲೇ ಬೆಟರ್ಮೆಂಟ ಲೆವಿ ಕೊಡೆಂದು ಕೈಯೊಡ್ಡಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳ ರೈತರು ಎದ್ದು ನಿಂತರು. ಗೋಲೀಬಾರಿನಲ್ಲಿ ಪ್ರಾಣ ಕೊಟ್ಟರು. ಆ ಬಲಿದಾನವನ್ನು ಹುಡುಗರ ಆಟದ ಬೇಸರದ ಸಾಲಿನಲ್ಲಿ ಕೂಡ್ರಿಸುವ ಅವಿವೇಕ ನಮ್ಮದಲ್ಲ. ಅಲ್ಲಿ ಹೊಟ್ಟೆಯ ಪ್ರಶ್ನೆಯಿತ್ತು, ಜೀವದ ಪ್ರಶ್ನೆಯಿತ್ತು. ನಾವು ಎತ್ತಿ ತೋರಿಸುವದು ಒಂದೇ ಮಾತನ್ನು: ಬಿಡಿ ಬಿಡಿಯಾಗಿ ಗೊಣಗುತ್ತಿದ್ದ ರೈತನ ಮಾತನ್ನು ಯಾರೂ ಕೇಳಲಿಲ್ಲ, ಕೂಡಿ ನಿಂತು 'ಕೊಡದ ನೀರಿಗೆ ಕರ ಕೊಡೆವು' ಎಂದಾಗ ಇಡೀ ರಾಜ್ಯ ಕೇಳಿತು.

ಆಟದ ಧಂದೆಯಲ್ಲಿಯೂ ಗಿರಾಕಿಗೆ ಸಿಕ್ಕ ಹಕ್ಕುಗಳು ಧಣಿಯ ದಯೆಯಿಂದ ಬಂದವಲ್ಲ. ಸ್ಟೀಮ್ ಎಂಬ ಆಟದ ಅಂಗಡಿಯನ್ನು ನಡಿಸುವ ವಾಲ್ವ್ ಕಂಪನಿಯು ಕೊಂಡವನಿಗೆ ಹಣ ತಿರುಗಿ ಕೊಡುವದಿಲ್ಲವೆಂದು ಹೇಳುತ್ತಿತ್ತು. ಆಸ್ಟ್ರೇಲಿಯದ ಗ್ರಾಹಕ ಆಯೋಗವು 2014ರಲ್ಲಿ ಅದರ ಮೇಲೆ ದಾವೆ ಹೂಡಿತು. 2015ರಲ್ಲಿ ಕಂಪನಿಯು, ಕೊಂಡ 14 ದಿನಗಳೊಳಗೆ, ಎರಡು ತಾಸಿಗಿಂತ ಕಡಿಮೆ ಆಡಿದ್ದರೆ ಹಣ ತಿರುಗಿ ಕೊಡುವ ನಿಯಮ ಮಾಡಿತು. 2016ರಲ್ಲಿ ಅಲ್ಲಿಯ ನ್ಯಾಯಾಲಯವು ಅದಕ್ಕೆ 30 ಲಕ್ಷ ಆಸ್ಟ್ರೇಲಿಯ ಡಾಲರ ದಂಡ ಹಾಕಿತು. ಅಷ್ಟು ನಕ್ಷತ್ರಗಳು ಮಾಡದ ಕೆಲಸವನ್ನು ಒಂದು ದಾವೆ ಮಾಡಿತು.

ನಮ್ಮಲ್ಲಿಯೂ ಕಾನೂನು ಇಲ್ಲವೆಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯದೆ 2020ರ ಜುಲೈದಿಂದ ಜಾರಿಯಲ್ಲಿದೆ. ಜನರನ್ನು ತಪ್ಪುದಾರಿಗೆಳೆಯುವ ಜಾಹೀರಾತಿಗೆ ಮಾಲು ತಯಾರಿಸಿದವನ ಮೇಲೂ, ಅದನ್ನು ವಿಚಾರಿಸದೆ ಹೊಗಳಿದ ನಟ, ಆಟಗಾರರ ಮೇಲೂ ಹತ್ತು ಲಕ್ಷ ರೂಪಾಯಿಯವರೆಗೆ ದಂಡ ಹಾಕುವ ಅಧಿಕಾರ ಅದರಲ್ಲಿದೆ. ಕೊಂಡವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಂಪನಿಯು ಬೆಂಗಳೂರಿನಲ್ಲಿದ್ದರೂ ವಿದೇಶದಲ್ಲಿದ್ದರೂ ರೋಣದ ಹುಡುಗನಿಗೆ ಗದುಗಿನ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತೆರೆದಿದೆ. ಐದು ಲಕ್ಷ ರೂಪಾಯಿವರೆಗಿನ ಮಾಲಿನ ದೂರಿಗೆ ಫೀ ಇಲ್ಲ. 1915 ನಂಬರಿಗೆ ಫೋನು ಮಾಡಿಯೂ ತಕರಾರು ಬರೆಯಿಸಬಹುದು.

ಆದರೆ ಈ ಕಾಯದೆಗೂ ಒಂದು ಕಿಂಡಿಯಿದೆ. ಬೆಲೆ ತೆತ್ತು ಕೊಂಡವನೇ ಗ್ರಾಹಕನೆಂದು ಅದು ಹೇಳುತ್ತದೆ. ಹೆಸರು, ನಂಬರು, ಸಮಯ ಕೊಟ್ಟು 'ಪುಕ್ಕಟೆ' ಮಾಲು ಪಡೆದ ಲಕ್ಷಾಂತರ ಹುಡುಗರು ಆ ಲೆಕ್ಕದಿಂದ ಹೊರಗೆ ಉಳಿಯುತ್ತಾರೆ. ಆದುದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ನೋಂದಣಿ ಮಾಡಿಸಿಕೊಂಡ ಕಂಪನಿಯು ಹೆಸರು ಕೊಟ್ಟವನನ್ನೂ ಗ್ರಾಹಕನೆಂದೇ ಎಣಿಸಬೇಕು. ಮಾಲಿನ ನಿಜವಾದ ಮಾದರಿಯನ್ನು, ಗಿರಾಕಿಯ ಹತ್ತಿರವಿರುವಂಥ ಅಗ್ಗದ ಯಂತ್ರದಲ್ಲಿಯೇ, ತೋರಿಸುವ ಮೊದಲು ಯಾರಿಂದಲೂ ಮುಂಗಡ ತೆಗೆದುಕೊಳ್ಳಕೂಡದು. ಕೊಂಡ ಮೇಲೆ ಹಣ ತಿರುಗಿ ಕೇಳುವ ಅವಧಿ ಕಾನೂನಿನಲ್ಲಿಯೇ ಗೊತ್ತಾಗಬೇಕು. ಆಟ ತಯಾರಿಸುವ ಕಾಮಗಾರನ ದುಡಿತದ ತಾಸುಗಳಿಗೆ ಗಿರಣಿಯಲ್ಲಿರುವಂಥದೇ ಮಿತಿ ಬೀಳಬೇಕು.

ಸರಕಾರ ಮಾಡುವವರೆಗೆ ಹುಡುಗರು ತಾವೇ ಮಾಡಬಹುದಾದ ಕೆಲಸವೂ ಇದೆ. ಮುಂಗಡ ಕೊಡಬೇಡಿರಿ. ಹೊಸ ಆಟ ಬಂದರೆ ಎಂಟು ದಿನ ತಡೆಯಿರಿ, ಆಡಿದವರನ್ನು ಕೇಳಿರಿ, ಆಮೇಲೆ ಕೊಳ್ಳಿರಿ. ಎಂಟು ದಿನದಲ್ಲಿ ಆಟ ಹಳಸುವ ಅನ್ನವಲ್ಲ. ಗಿರಾಕಿ ಎಂಟು ದಿನ ತಡೆಯುತ್ತಾನೆಂದು ಗೊತ್ತಾದರೆ ಡಂಗುರದ ಅರ್ಧ ಬೆಲೆ ಅಲ್ಲಿಗೇ ಇಳಿಯುತ್ತದೆ. ಮಾಲು ಕೆಟ್ಟಿದ್ದರೆ ದುಡಿದವನನ್ನು ಬೈಯಬೇಡಿರಿ. ಅವನು ನಿಮ್ಮಂತೆಯೇ ಸಂಬಳಕ್ಕೆ ದುಡಿಯುವವನು. ಹತ್ತು ಜನ ಕೂಡಿ, ಕೊಟ್ಟ ಹಣದ ರಸೀದಿ ಜೋಡಿಸಿ, ಗದುಗಿನ ಆಯೋಗಕ್ಕೆ ಒಂದು ದೂರು ಬರೆಯಿರಿ. ಬರೆಯಲು ಬಾರದಿದ್ದರೆ ನಿಮ್ಮ ಊರಿನ ನಮ್ಮ ಕಾರ್ಯಕರ್ತರನ್ನು ಕಾಣಿರಿ, ಅವರು ಬರೆದುಕೊಡುತ್ತಾರೆ. ಇಂದು ಐದುನೂರು ರೂಪಾಯಿಯ ಆಟದ ಸಲುವಾಗಿ ಕೂಡಿ ನಿಲ್ಲಲು ಕಲಿತ ಹುಡುಗನು ನಾಳೆ ಖೊಟ್ಟಿ ಬೀಜದ ಸಲುವಾಗಿಯೂ, ತಡೆಹಿಡಿದ ಕೂಲಿಯ ಸಲುವಾಗಿಯೂ ಕೂಡಿ ನಿಲ್ಲುವನೆಂಬ ಭರವಸೆ ನಮಗಿದೆ.